ಜಾಮೀನಿಗೆ ಯಾರದಾರ?

(ಜಮಖಂಡಿಯಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತುಗಳು. ಆಡಿದ ಧಾಟಿಯಲ್ಲೇ ಬರೆದು ಕೊಟ್ಟಿದ್ದೇವೆ.)



ಕವಿತೆ ಓದ್ತಾರ ಅಂತ ಬಂದವರು ಸ್ವಲ್ಪ ತಡಕೊಳ್ರಿ. ಇವತ್ತು ನಾವು ಮಾತಾಡುವುದು ಕಳೆದುಹೋದ ಕಾಗದಗಳ ಬಗ್ಗೆ. ಬ್ಯಾಂಕಿನ ಠೇವಣಿ ರಸೀದಿ, ಪೋಸ್ಟಿನ ಉಳಿತಾಯ ಪತ್ರ, ಡಿ.ಡಿ., ಸೊಸೈಟಿಯ ಷೇರು ಕಾಗದ ಇಂಥವು. ಇವು ಕಳೆದಾಗ ಬದಲಿ ಕಾಗದ ಕೇಳಲು ನಮ್ಮ ಅಪ್ಪ ಅವ್ವ ಹೋಗುತ್ತಾರೆ. ಆಗ ಕಚೇರಿಯ ಕಿಟಕಿಯೊಳಗಿಂದ ಒಂದು ಪ್ರಶ್ನೆ ಬರುತ್ತದೆ: 'ಜಾಮೀನಿಗೆ ಯಾರದಾರ?' ಈ ಪ್ರಶ್ನೆಯನ್ನು ನಾವು ಇಷ್ಟು ದಿನ ತಲೆ ತಗ್ಗಿಸಿ ಕೇಳಿಕೊಂಡು ಬಂದೆವು. ಇವತ್ತು ಅದನ್ನು ಸ್ವಲ್ಪ ತಿರುವಿ ನೋಡೋಣ.

ನಾವು ಎರಡು ಹೊಳೆಗಳ ಜನ. ಜಮಖಂಡಿ, ರಬಕವಿ-ಬನಹಟ್ಟಿ ಕಡೆಯವರಿಗೆ ಕೃಷ್ಣಾ, ಮುಧೋಳದ ಕಡೆಯವರಿಗೆ ಘಟಪ್ರಭಾ. ಎರಡೂ ಹೋಗಿ ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಕೂಡತಾವ. 2019ರ ಆಗಸ್ಟಿನಲ್ಲಿ ಅತ್ತ ಕೊಯ್ನಾದ ನೀರು, ಇತ್ತ ಹಿಡಕಲ್ಲಿನ ನೀರು, ಎರಡೂ ಹೊಳೆ ದಂಡೆ ಬಿಟ್ಟು ಊರೊಳಗೆ ಬಂದವು. ಮುತ್ತೂರು, ತುಬಚಿ, ಶೂರ್ಪಾಲಿ ಕಡೆಯ ಗೆಳೆಯರು ಇಲ್ಲಿದ್ದರೆ ಅವರಿಗೆ ನಾವು ಹೇಳುವುದು ಏನೂ ಉಳಿದಿಲ್ಲ. ಹೊಳೆದಂಡೆಯ ಊರುಗಳಲ್ಲಿ ನಮ್ಮ ಕೇರಿ ಎಲ್ಲಿರುತ್ತದೆ ಅಂತಲೂ ಹೇಳಬೇಕಾಗಿಲ್ಲ. ನೀರು ಮೊದಲು ಬರೋದು ತಗ್ಗಿಗೆ. ಆ ಹೊತ್ತಿನಲ್ಲಿ ಮನುಷ್ಯ ಕೂಸನ್ನ ಎತ್ತಿಕೊಳ್ತಾನ, ಮುದುಕರ ಕೈ ಹಿಡಿತಾನ, ಆಡಿನ ಹಗ್ಗ ಬಿಚ್ಚತಾನ, ಆದರೆ ಜ್ವಾಳದ ಚೀಲ ಎತ್ತೋದಾಗೋದಿಲ್ಲ. ಟ್ರಂಕಿನ ತಳದಾಗಿರೋ ಕಾಗದದ ನೆನಪು ಬರೋದು ಶಾಲೆಯಲ್ಲಿ ತೆರೆದ ಗಂಜಿ ಕೇಂದ್ರದಲ್ಲಿ ಮೂರನೇ ದಿನ ಕೂತಾಗ.

ಈಗ ಒಬ್ಬಾಕಿ ಅವ್ವನ್ನ ಕಣ್ಣ ಮುಂದೆ ತಂದುಕೊಳ್ರಿ. ಹೆಸರು ಬೇಡ, ಅಂಥವರು ಪ್ರತಿ ಊರಲ್ಲಿ ಇದ್ದಾರೆ. ಮುಧೋಳ ಸೀಮೆಯ ಕಬ್ಬಿನ ಹೊಲದಾಗ ದುಡಿದು, ಮಗಳ ಲಗ್ನಕ್ಕೋ ಓದಿಗೋ ಅಂತ ಇಪ್ಪತ್ತು ಸಾವಿರ ರೂಪಾಯಿ ಬ್ಯಾಂಕಿನಲ್ಲಿ ಮುದ್ದತು ಠೇವಣಿ ಇಟ್ಟಾಳ. ರಸೀದಿ ಹೊಳೆ ಪಾಲಾಗೇತಿ. ಆಕಿ ಬ್ಯಾಂಕಿಗೆ ಹೋಗ್ತಾಳ.

'ರಸೀದಿ ಎಲ್ಲಿ?'

'ಹೊಳ್ಯಾಗ ಹೋತ್ರಿ ಸಾಹೇಬ್ರ.'

'ಹಂಗಾದ್ರ ಬಾಂಡ್ ಪೇಪರ್ ಮ್ಯಾಲೆ ಬರಿಸಿಕೊಂಡು ಬಾ. ಇಬ್ಬರು ಜಾಮೀನುದಾರರು ಬೇಕು. ಹೊಲದ ಉತಾರ ಇದ್ದವರು.'

'ಉತಾರ ಇದ್ದವರು ನಮ್ಮೊಳಗ ಯಾರದಾರ್ರಿ?'

'ನಿಮ್ಮೂರ ಗೌಡ್ರನ್ನ ಕೇಳು.'

ಮಾತು ಮುಗೀತು. ಹಿಂದೆ ನಿಂತವರು 'ಸರೀ ಬೇ' ಅಂತಾರ. ಆಕಿ ಸರೀತಾಳ.

ಇಲ್ಲಿ ನಾವು ನಿಂತು ಕೇಳಬೇಕಾದ್ದು ಒಂದದೆ. ಈ ಅವ್ವ ಬ್ಯಾಂಕಿಗೆ ಸಾಲ ಕೇಳಲು ಹೋಗಿದ್ದಳೇನು? ಇಲ್ಲ. ಆಕೆ ತನ್ನ ರೊಕ್ಕ ಕೇಳಲು ಹೋಗಿದ್ದಳು. ಠೇವಣಿ ಅಂದರೆ ಕಾಯಿದೆಯ ಲೆಕ್ಕದಲ್ಲಿ ನಾವು ಬ್ಯಾಂಕಿಗೆ ಕೊಟ್ಟ ಸಾಲ. ಬ್ಯಾಂಕು ಸಾಲಗಾರ, ನಮ್ಮವ್ವ ಸಾಲ ಕೊಟ್ಟಾಕಿ. ಸಾಲ ಇಸಗೊಂಡವ ಸಾಲ ಕೊಟ್ಟಾಕಿಗೆ 'ನಿನಗ ಜಾಮೀನು ಯಾರು?' ಅಂತ ಕೇಳೋದನ್ನ ನೀವು ಯಾವ ಸಂತಿಯೊಳಗಾದರೂ ನೋಡೀರೇನು? ಬನಹಟ್ಟಿಯ ಸಂತಿಯಾಗ ಒಬ್ಬ ಹಂಗ ಕೇಳಿದರ ಮಂದಿ ಕೂಡಿ ನಗತಾರ. ಬ್ಯಾಂಕಿನೊಳಗೆ ಕೇಳಿದರೆ ಯಾರೂ ನಗೋದಿಲ್ಲ.

ಗೌಡನ ಸಹಿಯ ಬೆಲೆ ಎಷ್ಟು ಅನ್ನುವುದನ್ನೂ ಲೆಕ್ಕ ಹಾಕಬೇಕು. ಸಹಿಗೆ ಆತ ರೊಕ್ಕ ಕೇಳೋದಿಲ್ಲ. ರೊಕ್ಕ ಕೇಳಿದ್ದರೆ ಒಂದು ಸಲ ಕೊಟ್ಟು ಕೈ ತೊಳಕೋಬಹುದಿತ್ತು. ಆತ ಕೇಳೋದು ಬೇರೆ. ಹಬ್ಬದ ಮುಂದ ಮನಿ ಸಾರಿಸಾಕ ಬಾ. ಕಬ್ಬು ಕಡಿಯೋ ಹೊತ್ತಿಗೆ ಬ್ಯಾರೆ ಹೊಲಕ್ಕ ಹೋಗಬ್ಯಾಡ. ಪಂಚಾಯ್ತಿ ಇಲೆಕ್ಷನ್ನಿಗೆ ನಿನ್ನ ಮಗ ಯಾರ ಹಿಂದ ಓಡ್ಯಾಡಾಕತ್ತಾನ ನೋಡಕೋ. ನಾಳೆ ಊರ ಬಾವಿಯದೋ ಗುಡಿಯದೋ ತಕರಾರು ಬಂದಾಗ 'ಅವತ್ತ ನಿಮ್ಮವ್ವಗ ಸಹಿ ಮಾಡಿದವ ಯಾರು?' ಅಂತ ಒಂದು ಮಾತು ಬರತೈತಿ. ನಾವು ಸಂಘಟನೆ ಕಟ್ಟಲು ಊರಿಗೆ ಹೋದಾಗ ಕೆಲವು ಮನೆಗಳ ಬಾಗಿಲು ಯಾಕೆ ತೆರೆಯುವುದಿಲ್ಲ ಅಂತ ಬಹಳ ಸಲ ಯೋಚಿಸಿದ್ದೇವೆ. ಹೆದರಿಕೆ ಅಂತ ಸುಲಭವಾಗಿ ಅಂದುಬಿಡುತ್ತೇವೆ. ಎಷ್ಟೋ ಮನೆಗಳಲ್ಲಿ ಅದು ಹೆದರಿಕೆ ಅಲ್ಲ. ಒಂದು ಸಹಿಯ ಋಣ.

ಇದು ನಾವು ಕವಿತೆಗಾಗಿ ಹೇಳುವ ಮಾತು ಅಂತ ತಿಳೀಬ್ಯಾಡ್ರಿ. 1976ರ ಜೀತ ಪದ್ಧತಿ ರದ್ದಿಯಾತಿ ಕಾಯಿದೆಯನ್ನು ಯಾರಾದರೂ ಓದಿದ್ದೀರೇನು? ನಮ್ಮ ಹುಡುಗರು ಆ ಕಾಯಿದೆಯ ಹೆಸರು ಹೇಳತಾರ, ಒಳಗ ಏನದ ಅಂತ ಓದೋದಿಲ್ಲ. ಜೀತ ಅಂದರೆ ಏನು ಅಂತ ಹೇಳುವ ಕಲಮಿನಲ್ಲಿ ಸಾಲ ಮಾಡಿದವನ ದುಡಿಮೆಯ ಜೊತೆಗೆ ಸಾಲಕ್ಕೆ ಜಾಮೀನು ನಿಂತವನ ದುಡಿಮೆಯನ್ನೂ ಸೇರಿಸಿದ್ದಾರೆ. ಸಾಲಗಾರ ತೀರಿಸದಿದ್ದರೆ ಅವನ ಬದಲು ಜಾಮೀನುದಾರ ದುಡಿಯಬೇಕೆಂಬ ಕರಾರೂ ಜೀತವೇ ಅಂತ ಅಲ್ಲಿ ಬರೆದಿದೆ. ಅಂದರೆ ಜಾಮೀನು ಮತ್ತು ಜೀತ ನೆರೆಮನೆಯವರು ಅನ್ನುವುದು ಪಾರ್ಲಿಮೆಂಟಿಗೂ ಗೊತ್ತಿತ್ತು. ನಮ್ಮ ಮಾತು ಸ್ವಲ್ಪ ಬೇರೆ. ಜಾಮೀನು ನಿಂತವನಷ್ಟೇ ಅಲ್ಲ, ಜಾಮೀನು ಪಡೆದವನೂ ದುಡೀತಾನ.

ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಇದರ ರೂಪ ಇನ್ನೊಂದು. ಅಲ್ಲಿ ಬೇರೆಯವರ ಮಗ್ಗದ ಮೇಲೆ ಕೂಲಿಗೆ ನೇಯುವವನಿಗೆ ಹೊಲವೂ ಇಲ್ಲ, ಮಗ್ಗವೂ ತನ್ನದಲ್ಲ. ಜಾಮೀನು ಬೇಕಾದರೆ ಮಗ್ಗದ ಮಾಲಕನೇ ಗತಿ. ಮೊದಲೇ ಆತನ ಕಡೆ ಮುಂಗಡ ಇಸಗೊಂಡಿದ್ದರೆ ಅದರ ಮ್ಯಾಲೆ ಈ ಸಹಿ. ಕೂಲಿ ಹೆಚ್ಚು ಮಾಡ್ರಿ ಅಂತ ಬಾಯಿ ತೆರೆಯುವ ಮೊದಲು ಆ ನೇಕಾರ ಎರಡು ಸಲ ಉಗುಳು ನುಂಗಬೇಕು.

ಬೀಳಗಿಯ ಮಾತು ಮತ್ತೂ ವಿಚಿತ್ರ. ಅಲ್ಲಿ ನೀರು ಬಂದು ಹೋಗಲಿಲ್ಲ, ಬಂದು ನಿಂತಿತು. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲಗಳು ಹೋದವು, ಊರುಗಳು ಎದ್ದು ಪುನರ್ವಸತಿ ಕೇಂದ್ರಗಳಾದವು. ಹೊಲದ ಪರಿಹಾರ ಹೊಲ ಇದ್ದವರಿಗೆ ಬಂತು, ಆ ಹೊಲದಲ್ಲಿ ತಲೆತಲಾಂತರ ದುಡಿದವರಿಗೆ ಹೊಲದ ಪರಿಹಾರ ಅನ್ನುವುದೇ ಇಲ್ಲ. ಆದರೆ ಇನ್ನೊಂದು ನೋಡ್ರಿ. ನಿನ್ನೆಯ ತನಕ ಊರಿಗೆಲ್ಲ ಜಾಮೀನು ನಿಲ್ಲುತ್ತಿದ್ದ ರೈತನ ಹೊಲ ಮುಳುಗಿದ ಮೇಲೆ ಆತನ ಜಾಮೀನೂ ನಡೆಯೋದಿಲ್ಲ. ಮನುಷ್ಯ ಅದೇ ಮನುಷ್ಯ, ಆತನ ಮಾತು ಅದೇ ಮಾತು. ಉತಾರ ಒಂದು ಹೋತು. ಇದರಿಂದ ನಮಗೆ ತಿಳಿಯುವುದೇನೆಂದರೆ, ಕಚೇರಿ ಆತನನ್ನು ಎಂದೂ ನಂಬಿರಲಿಲ್ಲ. ನಂಬಿದ್ದು ಮಣ್ಣನ್ನ.

ಕನ್ನಡದಲ್ಲಿ ಜಾಮೀನಿಗೆ ಹಳೆಯ ಮಾತು ಹೊಣೆ. ಹೊಣೆ ನಿಲ್ಲುವುದು ಅಂದರೆ ಇನ್ನೊಬ್ಬನ ಬದಲು ತಾನು ನಿಲ್ಲುವುದು. ಈಗ ಆ ಪದವನ್ನು ನಾವು ಜವಾಬ್ದಾರಿ ಅನ್ನುವ ದೊಡ್ಡ ಅರ್ಥಕ್ಕೆ ಬಳಸುತ್ತೇವೆ. ಪದ ದೊಡ್ಡದಾಯಿತು, ಕಚೇರಿಯಲ್ಲಿ ಅದರ ಅರ್ಥ ಎಕರೆ ಗುಂಟೆಗೆ ಇಳಿಯಿತು. ಇರಲಿ, ಪದದ ಹುಚ್ಚು ನಮ್ಮದು. ಕಾಯಿದೆಗೆ ಬರೋಣ.

ಇದನ್ನು ಸ್ವಲ್ಪ ನಿಧಾನ ಕೇಳ್ರಿ, ಇದೇ ಇವತ್ತಿನ ಮಾತಿನ ಬೇರು. ಕಿಟಕಿಯಲ್ಲಿ 'ಬಾಂಡ್ ತಗೊಂಡು ಬಾ' ಅನ್ನುವಾಗ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಕೊಡುತ್ತಾರೆ. 1872ರ ಕರಾರು ಕಾಯಿದೆಯ 124ನೇ ಕಲಮು ಹೇಳುವುದು ನಷ್ಟಭರ್ತಿ ಕರಾರು. ಇಂಗ್ಲಿಷ್ ಓದಿದವರು ಇಂಡೆಮ್ನಿಟಿ ಅಂತಾರ. ಅದರಲ್ಲಿ ಇಬ್ಬರೇ, ಬ್ಯಾಂಕು ಮತ್ತು ನಾನು. 'ನನ್ನ ರಸೀದಿ ಕಳೆದಿದೆ, ನೀವು ನನಗೆ ರೊಕ್ಕ ಕೊಡ್ರಿ, ನಾಳೆ ಅದರಿಂದ ನಿಮಗೆ ನಷ್ಟ ಆದರೆ ತುಂಬಿಕೊಡುವವಳು ನಾನೇ' ಅಂತ ನಮ್ಮವ್ವ ಬರೆದು ಹೆಬ್ಬೆಟ್ಟು ಒತ್ತಿದರೆ ಅದು ನಷ್ಟಭರ್ತಿ ಪತ್ರ. ಆಕೆಯ ಸ್ವಂತ ಮಾತು. 126ನೇ ಕಲಮು ಹೇಳುವುದು ಜಾಮೀನು. ಅದರಲ್ಲಿ ಮೂವರು. ನಡುವೆ ಇನ್ನೊಬ್ಬ ಬಂದು 'ಆಕಿ ಕೊಡದಿದ್ದರ ನಾನು ಕೊಡ್ತೀನಿ' ಅನ್ನುತ್ತಾನೆ. ಮೊದಲನೇದಕ್ಕೆ ಗೌಡ ಬೇಕಾಗಿಲ್ಲ. ಎರಡನೇದಕ್ಕೆ ಬೇಕು. ಆದ್ದರಿಂದ ಕಿಟಕಿಯ ಮುಂದೆ ನಿಂತಾಗ ಮೊದಲು ಕೇಳಬೇಕಾದ ಪ್ರಶ್ನೆ: 'ಸಾಹೇಬ್ರ, ನೀವು ಕೇಳೋದು ನಷ್ಟಭರ್ತಿ ಪತ್ರನೋ, ಜಾಮೀನೋ? ಜಾಮೀನು ಅಂತಾದರೆ ಅದು ಯಾವ ನಿಯಮದಾಗ ಐತಿ, ತೋರಸ್ರಿ.' ಈ ಎರಡು ವಾಕ್ಯ ಬಾಯಿಪಾಠ ಮಾಡಿದರೂ ಇವತ್ತು ನೀವು ಇಲ್ಲಿ ಬಂದದ್ದು ದಂಡ ಆಗೋದಿಲ್ಲ.

ಬ್ಯಾಂಕಿನವರ ಕಡೆಯ ಮಾತನ್ನೂ ಕೇಳಬೇಕು, ನ್ಯಾಯ ಅಂದಮೇಲೆ. ಅವರ ಅಂಜಿಕೆ ಏನಂದರೆ, ಇವತ್ತು ನಮ್ಮವ್ವಗ ರೊಕ್ಕ ಕೊಟ್ಟೆವು, ನಾಳೆ ಇನ್ನೊಬ್ಬ ಅಸಲಿ ಕಾಗದ ಹಿಡಕೊಂಡು ಬಂದ. ಆವಾಗ ಎರಡು ಸಲ ಕೊಡಬೇಕಾಗ್ತದ. ಇದು ಖರೇನೇ, ಕೆಲವು ಕಾಗದಗಳಿಗೆ ಮಾತ್ರ. ಯಾವ ಕಾಗದ ಹಿಡಿದವನಿಗೇ ರೊಕ್ಕ ಕೊಡಬೇಕೋ ಅಂಥಾವಕ್ಕೆ. 1986ರಲ್ಲಿ ಪೋಸ್ಟಿನವರು ಇಂದಿರಾ ವಿಕಾಸ ಪತ್ರ ಅಂತ ತಂದಿದ್ದರು. ಅದರ ಮ್ಯಾಲೆ ಹೆಸರೇ ಇರಲಿಲ್ಲ, ನೋಟು ಇದ್ದಂಗ. ಕಳೆದರೆ ಬದಲಿ ಕೊಡೋದಿಲ್ಲ ಅಂತ ನಿಯಮದಲ್ಲೇ ಬರೆದಿತ್ತು. ಒಬ್ಬರು ಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟಿನ ತನಕ ಹೋಯಿತು. 2006ರಲ್ಲಿ ಅದು ನೋಟಿನ ಹಾಗೇ, ಕಳೆದರೆ ಕಳೆಯಿತು ಅಂತ ತೀರ್ಪಾಯಿತು. ಬೇಜಾರಾದರೂ ಆ ತೀರ್ಪಿನ ತರ್ಕ ನಮಗೆ ಅರ್ಥ ಆಗುತ್ತದೆ. ಆದರೆ ಅದೇ ತರ್ಕ ತಿರುವಿ ಹಿಡೀರಿ. ಮುದ್ದತು ಠೇವಣಿ ರಸೀದಿಯ ಮ್ಯಾಲೆ ನಮ್ಮವ್ವನ ಹೆಸರು ಅದ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಆಕೆಯ ಹೆಸರು, ಫೋಟೋ, ಹೆಬ್ಬೆಟ್ಟು ಎಲ್ಲಾ ಅದಾವ. ಆ ರಸೀದಿ ಹೊಳೆಯಲ್ಲಿ ಸಿಕ್ಕ ಇನ್ನೊಬ್ಬ ಅದನ್ನ ಕೊಟ್ಟು ರೊಕ್ಕ ಇಸಗೊಳ್ಳಾಕ ಆಗ್ತದೇನು? ಆಗೋದಿಲ್ಲ. ಅಂಥಾ ಕಾಗದಕ್ಕೆ ಆಕೆಯ ಸ್ವಂತ ನಷ್ಟಭರ್ತಿ ಪತ್ರ ಸಾಲದೇ ಇಬ್ಬರು ಹೊಲ ಇದ್ದವರು ಯಾಕೆ ಬೇಕು? ಅಪಾಯ ಎಷ್ಟೋ ಜಾಮೀನು ಅಷ್ಟು ಇರಬೇಕಲ್ಲ? ಕಿಟಕಿಯಲ್ಲಿ ಕೂತವರು ಅಪಾಯ ತೂಗುವುದಿಲ್ಲ, ಎದುರು ನಿಂತವರ ಸೀರೆ ತೂಗುತ್ತಾರೆ.

ನಿಯಮಗಳೇ ನಮ್ಮ ಕಡೆ ಇರುವ ಜಾಗಗಳು ಅದಾವ, ಅವನ್ನ ಹೇಳ್ತೀವಿ. ಕೆಲವರು ಬರಕೊಳ್ರಿ.

ಎಲ್ಲಕ್ಕಿಂತ ಮೊದಲು ತೊಯ್ದ ಕಾಗದ. ನೆರೆ ಇಳಿದ ಮೇಲೆ ಮನೆಗೆ ಬಂದವರು ಮಾಡುವ ಮೊದಲ ಕೆಲಸ ರಾಡಿ ಎತ್ತಿ ಒಗೆಯೋದು. ಆ ರಾಡಿಯಲ್ಲಿ ಮುದ್ದೆಯಾದ ಕಾಗದಗಳೂ ಹೋಗತಾವ. ಒಗೀಬ್ಯಾಡ್ರಿ. ಪೋಸ್ಟಿನ ರಾಷ್ಟ್ರೀಯ ಉಳಿತಾಯ ಪತ್ರದ 1989ರ ನಿಯಮಗಳಲ್ಲಿ ಈ ಎರಡನ್ನು ಬೇರೆ ಮಾಡಿದ್ದರು. ಪತ್ರ ಕಳೆದುಹೋದರೆ ನಷ್ಟಭರ್ತಿ ಪತ್ರ, ಅದರ ಜೊತೆ ಒಬ್ಬ ಅಥವಾ ಹೆಚ್ಚು ಜಾಮೀನುದಾರರು, ಇಲ್ಲವೆ ಬ್ಯಾಂಕಿನ ಖಾತ್ರಿ. ಹರಿದದ್ದು, ಕೆಟ್ಟದ್ದು ಆದರೆ, ಅದು ಇದೇ ಪತ್ರ ಅಂತ ಗುರುತು ಹತ್ತಿದರೆ ಸಾಕು, ಅದನ್ನು ಒಪ್ಪಿಸಿ ನಕಲು ಪಡೆಯಲು ಯಾವ ಬಾಂಡೂ ಬೇಡ, ಯಾವ ಜಾಮೀನೂ ಬೇಡ, ಮೊತ್ತ ಎಷ್ಟೇ ಇರಲಿ. ಒಂದು ಮುದ್ದೆ ಕಾಗದ ಇದ್ದರೆ ನೀವು ನಿಮ್ಮ ಕಾಲ ಮೇಲೆ ನಿಂತವರು, ಇಲ್ಲದಿದ್ದರೆ ಗೌಡನ ಕಟ್ಟೆಗೆ ಹೋಗಬೇಕಾದವರು. ಇಷ್ಟು ಅಂತರ. ನೆರಳಾಗ ಒಣಗಸ್ರಿ, ಒಲಿ ಮುಂದ ಹಿಡೀಬ್ಯಾಡ್ರಿ, ಒಂದಕ್ಕೊಂದು ಅಂಟಿದ್ದರ ಜಗ್ಗಬ್ಯಾಡ್ರಿ. ಹರಿದ ನೂರರ ನೋಟನ್ನ ಬ್ಯಾಂಕಿಗೆ ಕೊಟ್ಟಾಗ ಯಾರಾದರೂ ನಮಗ ಜಾಮೀನು ಕೇಳ್ಯಾರೇನು? ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ನೋಟಿನ ಎಷ್ಟು ಭಾಗ ಉಳಿದಿದೆ ಅಂತ ನೋಡಿ ಬದಲಿ ಕೊಡ್ತಾರ. ಅಲ್ಲಿ ಕಾಗದ ನೋಡುತ್ತಾರೆ, ಮನುಷ್ಯನ ಉತಾರ ನೋಡುವುದಿಲ್ಲ. ಪೋಸ್ಟಿನವರು 2016ರಲ್ಲಿ ಅಚ್ಚು ಹಾಕಿದ ಉಳಿತಾಯ ಪತ್ರ ಕೊಡುವುದನ್ನೇ ನಿಲ್ಲಿಸಿದರು, ಈಗ ಪಾಸ್‌ಬುಕ್ಕಿನಲ್ಲಿ ಬರೆಯುತ್ತಾರೆ. ಆದರೂ ಹಳೆಯ ಪತ್ರಗಳು ಟ್ರಂಕಿನಲ್ಲಿ, ದೇವರ ಫೋಟೋದ ಹಿಂದೆ ಇನ್ನೂ ಇರಬಹುದು. ಊರಿಗೆ ಹೋದಾಗ ಹುಡುಕ್ರಿ.

ಡಿ.ಡಿ.ಯ ಮಾತು ನಿಮ್ಮದೇ ಮಾತು. ಅರ್ಜಿ ಶುಲ್ಕ, ಪರೀಕ್ಷಾ ಶುಲ್ಕ ಅಂತ ಡಿ.ಡಿ. ತೆಗೆಸಿ ಟಪಾಲಿನಲ್ಲಿ ಕಳಿಸಿ ಕಳೆದುಕೊಂಡವರು ಹಾಸ್ಟೆಲಿಗೆ ಒಬ್ಬರಾದರೂ ಸಿಗತಾರ. 5,000 ರೂಪಾಯಿ ತನಕದ ಡಿ.ಡಿ. ಕಳೆದರೆ, ಅದನ್ನು ತೆಗೆಸಿದವರ ನಷ್ಟಭರ್ತಿ ಪತ್ರ ಪಡೆದು, ಬೇರೆ ಶಾಖೆಯಿಂದ ವರದಿ ಬರಲಿ ಅಂತ ಕಾಯದೆ ನಕಲು ಡಿ.ಡಿ. ಕೊಡಬಹುದು ಅಂತ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದೆ. ಅರ್ಜಿ ಕೊಟ್ಟ ಹದಿನೈದು ದಿನದೊಳಗೆ ನಕಲು ಕೊಡಬೇಕು, ತಡ ಆದರೆ ಆ ದಿನಗಳಿಗೆ ಬಡ್ಡಿ ಕೊಡಬೇಕು ಅಂತಲೂ ಹೇಳಿದೆ. ಬಡ್ಡಿ ನಮಗೆ! ಆದ್ದರಿಂದ ಅರ್ಜಿಯ ಮೇಲೆ ತಾರೀಖು ಹಾಕಿ, ಒಂದು ಪ್ರತಿಯ ಮೇಲೆ ಅವರ ಸಿಕ್ಕಾ ಒತ್ತಿಸಿಕೊಂಡು ಇಟ್ಟುಕೊಳ್ರಿ. ಬಾಯಿಮಾತಿನ ಅರ್ಜಿಗೆ ಹದಿನೈದು ದಿನ ಎಂದೂ ಮುಗಿಯೋದಿಲ್ಲ.

ಠೇವಣಿ ಇಟ್ಟವರು ತೀರಿಕೊಂಡಿದ್ದರೆ ಅದರ ದಾರಿ ಬೇರೆ. 2005ರ ಜೂನಿನಲ್ಲಿ ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಖಾತೆಗೆ ನಾಮಿನಿ ಇದ್ದರೆ, ಮೊತ್ತ ಎಷ್ಟೇ ಇದ್ದರೂ, ವಾರಸಾ ಪ್ರಮಾಣಪತ್ರ ತಾ ಅಂತಾಗಲಿ, ನಷ್ಟಭರ್ತಿ ಬಾಂಡು ತಾ, ಜಾಮೀನು ತಾ ಅಂತಾಗಲಿ ಬ್ಯಾಂಕು ಹಟ ಹಿಡಿಯಬಾರದು. ಅಪ್ಪ ಸತ್ತ ಮನೆಗೆ ಮೂರು ತಿಂಗಳು ಕೋರ್ಟು ತಿರುಗಿಸಿದ ಕತೆಗಳನ್ನು ನಾವೂ ಕೇಳಿದ್ದೇವೆ, ನೀವೂ ಕೇಳಿದ್ದೀರಿ. ನಾಮಿನಿ ಅನ್ನೋ ಒಂದು ಸಾಲು ತುಂಬಿದ್ದರೆ ಆ ತಿರುಗಾಟ ಇಲ್ಲ. ಈ ಸಲ ರಜೆಗೆ ಹೋದಾಗ ಅವ್ವ ಅಪ್ಪನ ಪಾಸ್‌ಬುಕ್ಕು ತೆರೆದು ಆ ಸಾಲು ಖಾಲಿ ಅದೇನೋ ನೋಡಿಬರ್ರಿ. ಕ್ರಾಂತಿಯ ಮಾತು ಆಮೇಲೆ ಆಡೋಣು.

2022ರ ಮೇ ತಿಂಗಳಲ್ಲಿ ಸೆಬಿಯವರು, ಅಂದರೆ ಷೇರು ಪೇಟೆಯ ಮೇಲೆ ಕಣ್ಣಿಟ್ಟಿರುವ ಸಂಸ್ಥೆ, ಇನ್ನೊಂದು ಸುತ್ತೋಲೆ ತಂದರು. ಪೇಟೆಯಲ್ಲಿ ನೋಂದಾಯಿಸಿದ ಕಂಪನಿಗಳ ಷೇರು ಪತ್ರ ಕಳೆದರೆ ನಕಲು ಪಡೆಯಲು ಇನ್ನು ಜಾಮೀನುದಾರರು ಬೇಡ. ಐದು ಲಕ್ಷದ ತನಕದ್ದಾದರೆ ಪೊಲೀಸು ದೂರು, ಪತ್ರಿಕೆಯ ಜಾಹೀರಾತೂ ಬೇಡ. ಇದನ್ನ ಓದಿ ನಾವು ಬಹಳ ಹೊತ್ತು ಸುಮ್ಮನೆ ಕೂತೆವು. ದೊಡ್ಡ ಕಂಪನಿಗಳ ಷೇರು ಇಟ್ಟುಕೊಂಡ ಮನೆಗಳು ನಮ್ಮ ಕೇರಿಯಲ್ಲಿ ಎಷ್ಟದಾವ? ಐದು ಲಕ್ಷದ ಷೇರು ಕಳಕೊಂಡವನ ಸ್ವಂತ ಮಾತು ನಡೆಯುತ್ತದೆ. ಇಪ್ಪತ್ತು ಸಾವಿರದ ರಸೀದಿ ಕಳಕೊಂಡಾಕಿಯ ಮಾತು ನಡೆಯುವುದಿಲ್ಲ. ನಮಗೆ ಹೊಟ್ಟೆಕಿಚ್ಚಿಲ್ಲ, ಅವರಿಗೆ ಜಾಮೀನು ತೆಗೆದದ್ದು ಒಳ್ಳೇದೇ ಆಯಿತು. ಜಾಮೀನು ತೆಗೆದರೂ ಷೇರು ಪೇಟೆ ಕುಸಿದು ಬೀಳಲಿಲ್ಲ ಅನ್ನುವುದನ್ನಷ್ಟೇ ನಾವು ನೆನಪಿಡೋಣ, ಕಿಟಕಿಯಲ್ಲಿ ಹೇಳಲು ಬೇಕಾಗ್ತದ.

ಒಂದು ಎಚ್ಚರಿಕೆ. ಈ ರಿಸರ್ವ್ ಬ್ಯಾಂಕಿನ ಮಾತೆಲ್ಲ ಬ್ಯಾಂಕುಗಳಿಗೆ. ನಮ್ಮ ನಾಲ್ಕೂ ತಾಲೂಕುಗಳಲ್ಲಿ ಪತ್ತಿನ ಸಹಕಾರಿ ಸಂಘಗಳು ಓಣಿಗೊಂದು ಅದಾವ. ಬಡವರ ರೊಕ್ಕ ಹೆಚ್ಚಾಗಿ ಅಲ್ಲೇ. ಪಿಗ್ಮಿ ತುಂಬಿಸಿಕೊಳ್ಳುವ ಹುಡುಗ ಮನೀ ಬಾಗಿಲಿಗೇ ಬರತಾನಲ್ಲ! ಹೆಸರಿನ ಮುಂದೆ ಏನೇ ಬರಕೊಂಡಿರಲಿ, ಆ ಸಂಘಗಳು ಬ್ಯಾಂಕಲ್ಲ. ಅವು 1959ರ ಸಹಕಾರ ಸಂಘಗಳ ಕಾಯಿದೆ ಇಲ್ಲವೆ 1997ರ ಸೌಹಾರ್ದ ಕಾಯಿದೆಯ ಕೆಳಗೆ ಬರುವಂಥವು. ರಿಸರ್ವ್ ಬ್ಯಾಂಕಿನ ಸುತ್ತೋಲೆ ತೋರಿಸಿದರೆ ಅವರು ನಕ್ಕು ಕಳಿಸಬಹುದು. ಬ್ಯಾಂಕು ಮುಳುಗಿದರೆ ಐದು ಲಕ್ಷದ ತನಕ ಠೇವಣಿಗೆ ವಿಮೆ ಉಂಟು, ಈ ಸಂಘಗಳ ಠೇವಣಿಗೆ ಅದೂ ಇಲ್ಲ. ಅಲ್ಲಿ ಕೇಳಬೇಕಾದ್ದು ಅವರ ಉಪವಿಧಿ. ಮಂದಿ ಬಾಯಲ್ಲಿ ಬೈಲಾ. ನಮ್ಮವ್ವ ಸದಸ್ಯೆ ಆಗಿದ್ದರೆ ಬೈಲಾದಲ್ಲಿ ಏನದ ಅಂತ ಕೇಳಲು ಆಕೆಗೆ ಬಾಯಿ ಉಂಟು. ಉತ್ತರ ಬರದಿದ್ದರೆ ಸಹಕಾರ ಇಲಾಖೆಯ ಸಹಾಯಕ ನಿಬಂಧಕರಿಗೆ ಬರೀಬೇಕು.

ಬಾಂಡ್ ಪೇಪರಿನ ಬಗ್ಗೆಯೂ ನಮ್ಮ ಜನಕ್ಕೆ ದೊಡ್ಡ ಭಯಭಕ್ತಿ. ಖಾನಾಪುರದ ತೆಲಗಿ ದೇಶದ ತುಂಬ ನಕಲಿ ಛಾಪಾ ಕಾಗದ ಮಾರಿದ ಮೇಲೂ ಅದು ಕಡಿಮೆ ಆಗಿಲ್ಲ. ಆ ಹಗರಣದ ತರುವಾಯ ನಮ್ಮ ರಾಜ್ಯದಲ್ಲಿ ಹಳೇ ಛಾಪಾ ಕಾಗದದ ಮಾರಾಟ ನಿಂತು ಈಗ ಇ-ಸ್ಟಾಂಪು ಬಂದಿದೆ. ಛಾಪಾ ಅಂದರೆ ಸರಕಾರಕ್ಕೆ ಸುಂಕ ಕಟ್ಟಿದ ಗುರುತು, ಅಷ್ಟೇ. ಮೇಲೆ ಏನು ಬರೆದಿದೆ ಅನ್ನುವುದೇ ಮುಖ್ಯ. ಟೈಪ್ ಮಾಡುವವನು ಹಳೇ ನಮೂನೆಯಲ್ಲಿ ಏನೇನೋ ಸೇರಿಸಿರುತ್ತಾನೆ. ಹೆಬ್ಬೆಟ್ಟು ಒತ್ತುವ ಮೊದಲು ನೀವು ಅದನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಹಾಸ್ಟೆಲ್ ಸೇರಿ ಕಲಿತ ಅಕ್ಷರ ಅಷ್ಟಾದರೂ ಕೆಲಸಕ್ಕೆ ಬರಲಿ.

ಜಾಮೀನಿನ ಬಗ್ಗೆ ಸುಪ್ರೀಂ ಕೋರ್ಟು 1978ರಲ್ಲಿ ಕಣ್ಣು ತೆರೆದ ಒಂದು ಪ್ರಸಂಗ ಹೇಳಬೇಕು. ಅದು ಜೈಲಿನಿಂದ ಬಿಡಿಸುವ ಜಾಮೀನು, ಕಾಗದದ್ದಲ್ಲ, ಆದರೆ ರೋಗ ಒಂದೇ. ಮಧ್ಯಪ್ರದೇಶದ ಒಬ್ಬ ಗೌಂಡಿ, ಬಡವ. ಬಿಡುಗಡೆಗೆ ಕೆಳಗಿನ ಕೋರ್ಟು ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿತು. ಆತನ ತಮ್ಮನೋ ಅಣ್ಣನೋ ಹೊಣೆ ನಿಲ್ಲಲು ಬಂದ. ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ನಡೆಯೋದಿಲ್ಲ ಅಂದರು. ಆ ಗೌಂಡಿ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಬಡವನಿಗೆ ಅವನ ಶಕ್ತಿ ಮೀರಿದ ಜಾಮೀನು ಕೇಳುವುದು ಅನ್ಯಾಯ, ಬೇರೆ ಜಿಲ್ಲೆಯವನು ಅಂತ ಹೊಣೆಗಾರನನ್ನು ತಳ್ಳುವುದು ತಪ್ಪು ಅಂದು, ಆತನ ಸ್ವಂತ ಒಂದು ಸಾವಿರದ ಬಾಂಡಿನ ಮೇಲೆ ಬಿಡಲು ಹೇಳಿದರು. ಸ್ವಂತ ಮಾತು ಸಾಕು ಅಂತ ದೇಶದ ದೊಡ್ಡ ಕೋರ್ಟು ಒಪ್ಪಿದ್ದು ಜೈಲಿನಿಂದ ಬಿಡುವಂಥ ದೊಡ್ಡ ಸಂಗತಿಗೆ. ನಮ್ಮದು ಒಂದು ರಸೀದಿಯ ಸಂಗತಿ.

ಬಾಬಾಸಾಹೇಬರೂ ಬಾಂಡಿಗೆ ಸಹಿ ಮಾಡಿದವರೇ. 1913ರಲ್ಲಿ ಅಮೆರಿಕಕ್ಕೆ ಓದಲು ಹೋಗುವಾಗ, ಓದು ಮುಗಿದ ಮೇಲೆ ಹತ್ತು ವರ್ಷ ಬರೋಡಾ ಸಂಸ್ಥಾನದ ನೌಕರಿ ಮಾಡುತ್ತೇನೆ ಅಂತ ಬರೆದುಕೊಟ್ಟರು. ಆ ಬಾಂಡಿನ ಮಾತಿಗೆ ಕಟ್ಟುಬಿದ್ದು 1917ರಲ್ಲಿ ಬರೋಡಾಕ್ಕೆ ಹೋದರು. ಅಷ್ಟು ಓದಿದವರಿಗೆ ಆ ಊರಿನಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಬಾಂಡಿನ ಎರಡೂ ಕಡೆ ಇರುವವರು ಸಮಾನರಲ್ಲ ಅನ್ನುವುದಕ್ಕೆ ನಮಗೆ ಬೇರೆ ಉದಾಹರಣೆ ಯಾಕೆ ಬೇಕು?

ಇನ್ನು ನಿಮ್ಮ ಸರದಿ. ಇಲ್ಲಿ ಕೂತವರಲ್ಲಿ ನಾಳೆ ಕೆಲವರಿಗೆ ನೌಕರಿ ಆಗುತ್ತದೆ. ಮಾಸ್ತರಿಕೆ, ಕ್ಲಾರ್ಕು, ಪೊಲೀಸು. ನೌಕರಿ ಆದ ಮೊದಲ ತಿಂಗಳಲ್ಲಿ ಊರಿನಿಂದ ಕಾಕಾ ಬರ್ತಾನ, ಮಾಮಾ ಬರ್ತಾನ: 'ತಮ್ಮಾ, ಒಂದು ಸಹಿ ಬೇಕಿತ್ತು.' ಹೊಲದ ಉತಾರದ ಬದಲು ಸಂಬಳದ ಚೀಟಿ ಇದ್ದವರ ಜಾಮೀನನ್ನು ಎಷ್ಟೋ ಕಡೆ ಒಪ್ಪುತ್ತಾರೆ. ಇದು ನಮ್ಮ ಕೇರಿಗೆ ಬಂದ ಹೊಸ ಶಕ್ತಿ. ಗೌಡನ ಕಟ್ಟೆಗೆ ಹೋಗಬೇಕಾದವರು ನಿಮ್ಮ ಹತ್ತಿರ ಬರತಾರ. ಅದಕ್ಕೆ ಸಹಿ ಮಾಡ್ರಿ, ತಿಳಿದು ಮಾಡ್ರಿ. ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ, ಬೇರೆ ಮಾತು ಬರೆಯದಿದ್ದರೆ, ಜಾಮೀನುದಾರನ ಹೊಣೆ ಅಸಲಿ ಮನುಷ್ಯನ ಹೊಣೆಯಷ್ಟೇ ಪೂರ್ತಿ. ಅರ್ಧ ಅಲ್ಲ, ಮೊದಲು ಅವನನ್ನ ಕೇಳಿ ಆಮೇಲೆ ನನ್ನ ಕೇಳ್ರಿ ಅನ್ನೋದೂ ಇಲ್ಲ. ಆದ್ದರಿಂದ ಮೊದಲು ನೋಡಬೇಕಾದ್ದು ಇದು ಸಾಲದ ಜಾಮೀನೋ, ಕಳೆದ ಕಾಗದದ ಜಾಮೀನೋ ಅಂತ. ಎರಡನೇದರಲ್ಲಿ ಅಪಾಯ ಕಡಿಮೆ, ಸಾಮಾನ್ಯವಾಗಿ ಅಂಜಬೇಕಾಗಿಲ್ಲ. ಆದರೂ ಯಾವ ಕಾಗದ, ಅದರ ನಂಬರು, ಮೊತ್ತ ಇವು ಬಾಂಡಿನಲ್ಲಿ ಬರೆದಿರಬೇಕು. 'ಇನ್ನು ಮುಂದೆ ಬರುವ ಎಲ್ಲಾ ಬಾಕಿಗಳಿಗೂ' ಅಂತ ಒಂದು ಸಾಲು ಇದ್ದರೆ ಅದನ್ನು ಹೊಡೆಸಿರಿ. ಖಾಲಿ ಜಾಗ ಬಿಟ್ಟ ಕಾಗದಕ್ಕೆ ಅಪ್ಪ ಕೇಳಿದರೂ ಸಹಿ ಬೇಡ.

ಹೆಣ್ಣುಮಕ್ಕಳ ಸಂಘಗಳು ಈ ಕೆಲಸವನ್ನು ನಮಗಿಂತ ಮೊದಲೇ ಮಾಡಿದವು. 1992ರಲ್ಲಿ ನಬಾರ್ಡಿನವರು ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಶುರು ಮಾಡಿದಾಗ ಹೊಲ ಇಲ್ಲದ ಹೆಂಗಸರಿಗೆ ಹೊಲ ಇಲ್ಲದ ಹೆಂಗಸರೇ ಹೊಣೆಯಾದರು. ಉತಾರ ಇಲ್ಲದೆಯೂ ಹೊಣೆ ನಿಲ್ಲಬಹುದು ಅಂತ ಅವರು ತೋರಿಸಿದರು. ಅದೇ ಹೊಣೆಯನ್ನು ಕೆಲವು ಮೈಕ್ರೋ ಫೈನಾನ್ಸಿನವರು ಚಾಟಿ ಮಾಡಿಕೊಂಡದ್ದನ್ನೂ, ಒಬ್ಬಾಕಿಯ ಕಂತಿಗೆ ಹತ್ತು ಮಂದಿಯನ್ನು ಬಾಗಿಲಲ್ಲಿ ಕೂಡಿಸಿದ್ದನ್ನೂ ನೋಡಿದ್ದೇವೆ. ಸರಕಾರ 2025ರಲ್ಲಿ ಅದಕ್ಕೊಂದು ಸುಗ್ರೀವಾಜ್ಞೆ ತರಬೇಕಾಯಿತು. ಅದರ ಮಾತು ದೊಡ್ಡದು, ಇನ್ನೊಂದು ದಿನಕ್ಕಿರಲಿ.

ಮಾತು ಮುಗಿಸುವ ಮೊದಲು ಒಬ್ಬ ಗೆಳೆಯ ಚೀಟಿ ಕಳಿಸಿದ್ದಾನೆ. 'ಜಾಮೀನು ಸಿಗದೆ ಹಂಗೇ ಬಿಟ್ಟ ರೊಕ್ಕ ಏನಾಗತೈತಿ?' ಒಳ್ಳೇ ಪ್ರಶ್ನೆ. ಮುದ್ದತು ಮುಗಿದು ಹತ್ತು ವರ್ಷ ಯಾರೂ ಕೇಳದಿದ್ದರೆ ಬ್ಯಾಂಕು ಆ ಮೊತ್ತವನ್ನು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸಬೇಕು. 2014ರಿಂದ ಆ ಪದ್ಧತಿ ಇದೆ. ಹಾಗಂತ ರೊಕ್ಕ ಹೋಯಿತು ಅಂತಲ್ಲ. ಅದೇ ಬ್ಯಾಂಕಿಗೆ ಹೋಗಿ ಯಾವಾಗ ಬೇಕಾದರೂ ಕೇಳಬಹುದು, ಇಟ್ಟವರೂ ಕೇಳಬಹುದು, ಅವರ ವಾರಸುದಾರರೂ ಕೇಳಬಹುದು. ರಿಸರ್ವ್ ಬ್ಯಾಂಕು 2023ರಲ್ಲಿ ಉದ್ಗಮ್ ಅನ್ನುವ ತಾಣ ತೆರೆದಿದೆ. ಅದರಲ್ಲಿ ಹೆಸರು ಹಾಕಿ ಹುಡುಕಬಹುದು. ನಿಮ್ಮ ಕೈಯಲ್ಲಿರುವ ಫೋನಿನಲ್ಲೇ ಆಗ್ತದ, ರೀಲು ನೋಡೋದನ್ನ ಹತ್ತು ನಿಮಿಷ ನಿಲ್ಲಿಸಿದರೆ. ಬ್ಯಾಂಕಿಗೆ ಬರೆದು ಕೊಟ್ಟು ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೆ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ಅದಕ್ಕೆ ಫೀಸಿಲ್ಲ, ವಕೀಲ ಬೇಕಾಗಿಲ್ಲ. ಸರಕಾರಿ ಬ್ಯಾಂಕು, ಪೋಸ್ಟು ಆದರೆ 'ಜಾಮೀನು ಕೇಳುವ ನಿಮ್ಮ ನಿಯಮದ ಪ್ರತಿ ಕೊಡಿ' ಅಂತ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಬಹುದು. ಕಾಗದ ಕೇಳಿದವರಿಗೆ ಕಾಗದವನ್ನೇ ಕೇಳಬೇಕು.

ಈಗ ಕೆಲಸದ ಮಾತು. ನಿಮ್ಮ ನಿಮ್ಮ ಊರಿನಲ್ಲಿ 2019ರ ನೆರೆಯಲ್ಲಿ ರಸೀದಿ, ಪತ್ರ ಕಳಕೊಂಡು ಸುಮ್ಮನಾದವರು ಯಾರು ಅಂತ ಕೇಳಿಕೊಂಡು ಬರ್ರಿ. ಹೆಸರು, ಬ್ಯಾಂಕಿನ ಶಾಖೆ, ಇಟ್ಟ ವರ್ಷ, ನೆನಪಿದ್ದಷ್ಟು ಮೊತ್ತ. ನಂಬರು ಗೊತ್ತಿಲ್ಲದಿದ್ದರೂ ಅಡ್ಡಿ ಇಲ್ಲ. ನಷ್ಟಭರ್ತಿ ಪತ್ರದ ನಮೂನೆ ಒಂದನ್ನು ಕನ್ನಡದಲ್ಲಿ ಬರೆದು ತಂದಿದ್ದೇವೆ. ಅದರಲ್ಲಿ ಜಾಮೀನುದಾರರ ಜಾಗ ಇಟ್ಟಿಲ್ಲ, ಅವರು ನಿಯಮ ತೋರಿಸಿದ ಮೇಲೆ ಬೇರೆ ಹಾಳೆಯಲ್ಲಿ ಬರೆಯೋಣು. ಪ್ರತಿಗಳು ಬಾಗಿಲ ಹತ್ತಿರದ ಮೇಜಿನ ಮೇಲಿವೆ, ಒಬ್ಬರಿಗೆ ಎರಡರಂತೆ ತಗೊಂಡು ಹೋಗ್ರಿ.